ರವಿವಾರದ ಹಾಜರಿ

ಅಪ್ಪನ ಗಂಟಲಿನಲ್ಲಿ ಇನ್ನೂ ಒಂದಿಷ್ಟು ಧ್ವನಿ ಉಳಿದಿದ್ದ ದಿನಗಳಲ್ಲಿ ಅವರು ನನಗೆ ಹೇಳಿದ್ದೆಲ್ಲ ಹೆಚ್ಚಾಗಿ ಅಂಕಿಗಳು. ಪುಣೆಯ ಖಡಕಿಯ ಕ್ವಾರ್ಟರ್ಸಿನ ಮನೆ, ಅಡುಗೆಮನೆಯ ಮೇಜು, ಮೇಜಿನ ಮೇಲೆ ಅಂಗೈಯಗಲದ ರೇಡಿಯೊ ಸ್ಕ್ಯಾನರ್. ಅವರು ಗೊಗ್ಗರು ದನಿಯಲ್ಲಿ ಒಂದೊಂದೇ ಫ್ರೀಕ್ವೆನ್ಸಿ ಹೇಳುತ್ತಿದ್ದರು, ನಾನು ಗುಂಡಿ ಒತ್ತಿ ಅದನ್ನು ತುಂಬುತ್ತಿದ್ದೆ. ಎಲ್ಲವೂ ಅವರಿಗೆ ಬಾಯಿಪಾಠ.

ಅಪ್ಪ ಸೈನ್ಯದ ವರ್ಕ್‌ಶಾಪೊಂದರಲ್ಲಿ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದರು. ಹವ್ಯಾಸಿ ರೇಡಿಯೊ ಅವರ ಒಂದೇ ಚಟ. ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರಿಗೆ ಸರ್ಕಾರ ಅಕ್ಷರ, ಅಂಕಿ ಸೇರಿದ ಒಂದು ಗುರುತು ಕೊಡುತ್ತದೆ; ಅದನ್ನು ಕಾಲ್‌ಸೈನ್ ಎನ್ನುತ್ತಾರೆ. ಗಾಳಿಯಲ್ಲಿ ಮನುಷ್ಯನ ಹೆಸರು ಅದೇ. ರವಿವಾರ ಬೆಳಿಗ್ಗೆ ಹತ್ತಕ್ಕೆ ಪುಣೆಯ ಸುತ್ತಲಿನ ಇಪ್ಪತ್ತು ಮಂದಿ ತಂತಮ್ಮ ಮನೆಯಿಂದಲೇ ಸೆಟ್ಟು ಹಚ್ಚಿ ಕೂಡುತ್ತಿದ್ದರು. ನಿವೃತ್ತ ಮಾಸ್ತರರೊಬ್ಬರು ಒಂದೊಂದೇ ಕಾಲ್‌ಸೈನ್ ಕರೆಯುವರು, ಕರೆಸಿಕೊಂಡವರು ಉತ್ತರಿಸುವರು. ಹಾಜರಿಯೇ ಅದು. ಒಬ್ಬರು ಹೊಸ ಆಂಟೆನಾದ ಸುದ್ದಿ ಹೇಳಿದರೆ ಇನ್ನೊಬ್ಬರು ಮೊಮ್ಮಗಳಿಗೆ ಹೆಸರಿಡುವ ಬಾರಸೆಯದು. ಅಪ್ಪ ತಮ್ಮ ಸರದಿ ಬಂದಾಗ ಎರಡು ಮಾತಾಡಿದರೆ ಹೆಚ್ಚು. ಆದರೆ ಒಂದು ರವಿವಾರವೂ ತಪ್ಪಿಸಿದವರಲ್ಲ.

ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಗೊತ್ತಾದಾಗ ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಆರೈಕೆಗೆ ಸೋದರತ್ತೆಯ ಮನೆ ಸೋಲಾಪುರದಲ್ಲಿದ್ದುದರಿಂದ ಆಪರೇಷನ್ ಅಲ್ಲೇ ಎಂದಾಯಿತು. ಅಪ್ಪ ತಮ್ಮ ಮಾತಾಡುವ ಸೆಟ್ಟನ್ನು ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ಪರಿಚಯದವರ ಕಡೆಯಿಂದ ಈ ಸ್ಕ್ಯಾನರ್ ತಂದರು. ಇದು ಕೇಳಿಸುತ್ತದೆ, ಅಷ್ಟೇ. ತುಂಬಿಸಿಟ್ಟ ಫ್ರೀಕ್ವೆನ್ಸಿಗಳನ್ನು ಸುತ್ತು ಹಾಕುತ್ತ, ಎಲ್ಲಿ ಯಾರು ಮಾತಾಡಿದರೂ ಅಲ್ಲಿ ನಿಲ್ಲುತ್ತದೆ.

ಅವ್ವ ಒಲೆಯ ಹತ್ತಿರದಿಂದಲೇ ಕೇಳಿದಳು. "ಅಲ್ರಿ, ಮಾತಾಡಲಿಕ್ಕೇ ಬರಂಗಿಲ್ಲ ಅಂದಮ್ಯಾಲ ಈ ಡಬ್ಬಿ ಯಾಕ?"

"ನನ್ನ ಕರೀತಾರೋ ಇಲ್ಲೋ ಕೇಳಬೇಕಲ್ಲ," ಎಂದರು ಅಪ್ಪ.

"ಕರದ್ರ ಏನ್ ಮಾಡಾವ್ರು?"

ಅಪ್ಪ ನನಗೆ ಮುಂದಿನ ಅಂಕಿ ಹೇಳಿದರು.

ಗೆಳೆಯರು ಒಂದು ದಾರಿ ಸೂಚಿಸಿದ್ದರು. ಮಾತಾಡುವುದು ಬೇಡ, ಕರೆದಾಗ ಸೆಟ್ಟಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಸಾಕು, ಇದ್ದೀರಿ ಎಂದು ತಿಳಿಯುತ್ತೇವೆ ಎಂದು. ಅಪ್ಪ ಒಪ್ಪಲಿಲ್ಲ. ಗುರುತು ಹೇಳದೆ ಗಾಳಿಗೆ ಏನನ್ನೂ ಬಿಡಬಾರದು ಎಂಬುದು ನಿಯಮ. ಹಾಗೆ ಮಾಡುವವರನ್ನು ಅವರೇ ಎಷ್ಟೋ ಸಲ ಬೈದಿದ್ದರು. ಮೋರ್ಸ್ ಕೋಡಿನಲ್ಲಿ ಗುರುತು ಕಳಿಸಬಹುದಿತ್ತು, ನಿಜ. ಆ ಗುಂಪಿನಲ್ಲಿ ಅದನ್ನು ಕಿವಿಯಿಂದ ಹಿಡಿಯಬಲ್ಲವರು ಇಬ್ಬರೋ ಮೂವರೋ. ಉಳಿದವರನ್ನು ತಮಗಾಗಿ ಕಾಯಿಸುವ ಮನುಷ್ಯ ಅವರಲ್ಲ.

ಸೋಲಾಪುರದ ದಾರಿಯಲ್ಲಿ ಸಿಗುವ ರಿಪೀಟರುಗಳನ್ನು ಬಸ್ಸು ಹೋಗುವ ಕ್ರಮದಲ್ಲೇ ತುಂಬಿದೆವು. ರಿಪೀಟರ್ ಎಂದರೆ ಗುಡ್ಡದ ಮೇಲೆ ಕೂತ ಯಂತ್ರ. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡದ್ದನ್ನು ಆಗಿಂದಾಗಲೇ ಇನ್ನೊಂದರಲ್ಲಿ ಜೋರಾಗಿ ಹೇಳಿ ದೂರ ಮುಟ್ಟಿಸುತ್ತದೆ. ಅಪ್ಪನ ಸೆಟ್ಟಿಗೆ ನಾನು ಯಾವಾಗಲೂ ಎರಡನ್ನೂ ತುಂಬಿಕೊಡುತ್ತಿದ್ದೆ, ಅದಕ್ಕೇ ಅಭ್ಯಾಸಬಲದಿಂದ ಕೇಳಿದೆ, ಇದರ ಇನ್ನೊಂದು ಎಷ್ಟು ಎಂದು.

"ಅದು ಮಾತಾಡಾವ್ರಿಗೆ," ಎಂದರು. "ಬ್ಯಾಡ ಮಗಳ, ಬಿಡು."

ಎಲ್ಲ ಗುಡ್ಡಗಳದ್ದೂ ಒಂದೊಂದೇ ಅಂಕಿ ತುಂಬಿದೆ. ಕೆಲಸ ಬೇಗ ಮುಗಿಯಿತು.

ಆಪರೇಷನ್ ಆದ ಮೇಲೆ ಅತ್ತೆಯ ಮನೆಯಲ್ಲಿ ಒಂದು ತಿಂಗಳಿದ್ದೆವು. ಅಪ್ಪನ ಕೊರಳಿನಲ್ಲಿ ಉಸಿರಾಡಲು ತೂತು, ಅದರ ಮುಂದೆ ತೆಳುವಾದ ಬಿಳಿ ಬಟ್ಟೆ, ಕೈಯಲ್ಲಿ ಬರೆದು ತೋರಿಸಲು ಪಾಟಿ. ಬಂದವರೆಲ್ಲ ಪಾಟಿಯನ್ನು ನೋಡಿ ದನಿ ತಗ್ಗಿಸುತ್ತಿದ್ದರು. ಅತ್ತೆ ಮಾತ್ರ ತಗ್ಗಿಸಲಿಲ್ಲ. "ಮದಲ ಎಲ್ಲಿ ಮಾತಾಡ್ತಿದ್ದ ನಮ್ಮಣ್ಣ? ಈಗ ಡಾಕ್ಟರ್ ಸರ್ಟಿಫಿಕೇಟ್ ಸಿಕ್ಕಂಗಾತು ನೋಡ್ರಿ," ಎಂದಳು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ಕೊರಳಿನ ಬಟ್ಟೆ ಮುಂದಕ್ಕೂ ಹಿಂದಕ್ಕೂ ಅಲುಗಾಡಿತು. ಅತ್ತೆ ಎದ್ದು ಹಿತ್ತಲಿಗೆ ಹೋದಳು.

ಪುಣೆಯ ಹಾಜರಿ ಸೋಲಾಪುರಕ್ಕೆ ಮುಟ್ಟುವುದಿಲ್ಲ. ಹಾಗಾಗಿ ಆ ತಿಂಗಳಲ್ಲಿ ತಮ್ಮನ್ನು ಕರೆದರೋ ಇಲ್ಲವೋ ಅಪ್ಪನಿಗೆ ತಿಳಿಯಲಿಲ್ಲ. ಹೊರಡುವ ದಿನವನ್ನು ಅವರೇ ಆರಿಸಿದರು. ಪಾಟಿಯ ಮೇಲೆ ರವಿವಾರ ಎಂದು ಬರೆದು ಅಡಿಗೆ ಗೆರೆ ಎಳೆದರು. ಬೆಳಗಿನ ಬಸ್ಸು ಹಿಡಿದರೆ ಹತ್ತರ ಹೊತ್ತಿಗೆ ಪುಣೆಯ ಗುಡ್ಡದ ದನಿ ಸಿಗುವ ದೂರಕ್ಕೆ ಬಂದಿರುತ್ತೇವೆ ಎಂಬ ಲೆಕ್ಕ. ನಾನೂ ಲೆಕ್ಕ ಹಾಕಿ ನೋಡಿದೆ, ಸರಿಯಿತ್ತು.

ಎಸ್‌ಟಿ ಬಸ್ಸಿನಲ್ಲಿ ಅಪ್ಪ ಕಿಟಕಿಯ ಹತ್ತಿರ, ನಾನು ಪಕ್ಕದಲ್ಲಿ, ಅವ್ವ ಮುಂದಿನ ಸೀಟಿನಲ್ಲಿ. ಸೋಲಾಪುರ ದಾಟುವಾಗ ಸ್ಕ್ಯಾನರ್ ಒಮ್ಮೆ ನಿಂತಿತು. ಮನುಷ್ಯರಲ್ಲ, ಅಲ್ಲಿಯ ರಿಪೀಟರ್ ತನ್ನ ಗುರುತನ್ನು ತಾನೇ ಮೋರ್ಸಿನಲ್ಲಿ ಹೇಳಿಕೊಂಡಿತು. ಅದಾದ ಮೇಲೆ ಬಹಳ ದೂರದವರೆಗೆ ಏನೂ ಇಲ್ಲ. ಪರದೆಯ ಮೇಲೆ ಅಂಕಿಗಳು ಓಡುತ್ತಲೇ ಇದ್ದವು.

ಇಂದಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅಪ್ಪ ಇಳಿಯಲಿಲ್ಲ. ಹಿಂದಿನ ಸೀಟಿನ ಗೃಹಸ್ಥರು ಬಗ್ಗಿ ಸ್ಕ್ಯಾನರನ್ನು ನೋಡಿ, "ಸ್ಕೋರ್ ಕಾಯ್ ಝಾಲಾ?" ಎಂದು ಅಪ್ಪನನ್ನೇ ಕೇಳಿದರು. ಇದರಲ್ಲಿ ಕ್ರಿಕೆಟ್ ಬರುವುದಿಲ್ಲ ಎಂದು ನಾನು ಮರಾಠಿಯಲ್ಲಿ ಹೇಳಿದೆ. ಹಾಗಾದರೆ ಇಷ್ಟು ಹೊತ್ತಿನಿಂದ ಏನು ಕೇಳುತ್ತಿದ್ದಾರೆ ಎಂದು ಅವರು ಕೇಳಿದರು. ಮಿತ್ರರ ಮಾತು ಎಂದೆ. ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು, ಏನೂ ಕೇಳಿಸದೆ, ಸೀಟಿಗೆ ಒರಗಿಕೊಂಡರು.

ಭಿಗವಣ ದಾಟಿದ ಮೇಲೆ ಸ್ಕ್ಯಾನರ್ ಮೊದಲನೇ ಚಾನೆಲ್ಲಿನಲ್ಲಿ, ಅಂದರೆ ಪುಣೆಯದರಲ್ಲಿ, ನಿಂತಿತು. ಬರೀ ಗೊರಗೊರ, ಅದರ ಒಳಗಿಂದ ಮಾಸ್ತರರ ದನಿ. ಅಪ್ಪ ಅದನ್ನು ನಮ್ಮಿಬ್ಬರ ಕಿವಿಗಳ ನಡುವೆ, ಕಿಟಕಿಯ ಸರಳಿಗೆ ತಾಗಿಸಿ ಹಿಡಿದರು. ಹಾಜರಿ ಆಗಲೇ ಶುರುವಾಗಿತ್ತು. ಲೈಸೆನ್ಸ್ ಸಿಕ್ಕ ಕ್ರಮದಲ್ಲಿ ಕರೆಯುವುದು ರೂಢಿ, ಅಪ್ಪನದು ಒಂಬತ್ತನೆಯದು. ಚಿಕ್ಕಂದಿನಿಂದ ಕೇಳಿ ಕೇಳಿ ಆ ಸಾಲು ನನಗೂ ಪಾಠವಾಗಿತ್ತು. ಅಪ್ಪನಿಗಿಂತ ಮುಂಚಿನವರನ್ನು ಕರೆದರು. ಅವರು ತಮ್ಮ ಓಣಿಯಲ್ಲಿ ಕರೆಂಟು ಹೋಗಿದೆ, ಬ್ಯಾಟರಿಯ ಮೇಲೆ ಮಾತಾಡುತ್ತಿದ್ದೇನೆ ಎಂದರು. ಆಮೇಲೆ ಮಾಸ್ತರರು ಅಪ್ಪನ ನಂತರದವರನ್ನು ಕರೆದರು.

ನಡುವೆ ತಡವರಿಸಲೂ ಇಲ್ಲ. ಆ ಸಾಲು ಮೊದಲಿನಿಂದ ಹಾಗೇ ಇತ್ತೇನೋ ಎಂಬಂತೆ ಹಾಜರಿ ಮುಂದಕ್ಕೆ ಹೋಯಿತು.

ಅಪ್ಪ ಸ್ಕ್ಯಾನರನ್ನು ಕೆಳಗಿಳಿಸಲಿಲ್ಲ. ಕೊನೆಯವರೆಗೂ ಕೇಳಿದರು. ಹಾಜರಿ ಮುಗಿದ ಮೇಲೆ ಮಾಸ್ತರರು ಪ್ರತಿವಾರದಂತೆ, "ಕೋಣಿ ರಾಹಿಲಂಯ್ ಕಾ?" ಎಂದರು. ಯಾರಾದರೂ ಉಳಿದಿದ್ದೀರಾ ಎಂದು. ಹಾಗೆ ಕೇಳಿ ಸ್ವಲ್ಪ ಕಾಯುತ್ತಾರೆ. ಬಸ್ಸಿನ ಗದ್ದಲದಲ್ಲೂ ಆ ಕಾಯುವಿಕೆ ಸ್ಪಷ್ಟವಾಗಿ ಕೇಳಿಸಿತು. ಅಪ್ಪನ ಬಾಯಿ ತೆರೆದುಕೊಂಡಿತು. ನಾನು ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಕೂತೆ. ಮಾಸ್ತರರು ಎಲ್ಲರಿಗೂ ಧನ್ಯವಾದ ಹೇಳಿ ಮುಗಿಸಿದರು.

"ಕರದ್ರೇನು?" ಎಂದು ಅವ್ವ ಹಿಂದಕ್ಕೆ ಹೊರಳಿ ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಮತ್ತೆ ಮುಂದಕ್ಕೆ ಹೊರಳಿದಳು.

ಮಾಸ್ತರರು ಮುಂದಿನ ವಾರ ಮನೆಗೆ ಬಂದರು. ನಾವು ಸೋಲಾಪುರಕ್ಕೆ ಹೋದ ಮೇಲೆ ಎಲ್ಲರೂ ಮಾತಾಡಿಕೊಂಡು ಅಪ್ಪನ ಕಾಲ್‌ಸೈನ್ ಬಿಟ್ಟಿದ್ದರಂತೆ. ಕರೆದು ಉತ್ತರ ಬರದೆ ಹೋದರೆ, ಅದನ್ನು ಮನೆಯವರು ಕೇಳಿಸಿಕೊಂಡರೆ ನೋಯುತ್ತಾರೆ ಎಂದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಅದು ಅವರ ಮುಖದಲ್ಲೇ ಇತ್ತು. ಬೇಕಿದ್ದರೆ ಈ ರವಿವಾರದಿಂದಲೇ ಮತ್ತೆ ಕರೆಯುತ್ತೇನೆ ಎಂದರು. ಅಪ್ಪ ಪಾಟಿಯ ಮೇಲೆ "ನಕೋ" ಎಂದು ಬರೆದರು. ಬೇಡ. ಮಾಸ್ತರರು ಅದನ್ನು ಓದಿಯಾದ ಮೇಲೆ ಅಪ್ಪ ಅಂಗೈಯಿಂದ ಒರೆಸಿ, ಅವರ ಕಡೆಗೆ ಚಹಾದ ಕಪ್ಪು ಸರಿಸಿದರು.

ನಾನು ಪರೀಕ್ಷೆಗೆ ಕೂತು ಲೈಸೆನ್ಸ್ ಪಡೆಯಬಹುದೇ ಎಂದು ಆ ದಿನಗಳಲ್ಲಿ ಯೋಚಿಸಿದ್ದುಂಟು. ಪಾಸಾದರೆ ನನಗೆ ಸಿಗುವುದು ನನ್ನದೇ ಬೇರೆ ಗುರುತು. ಸಾಲಿನ ಕೊನೆಯಲ್ಲಿ ನನ್ನನ್ನು ಕರೆಯುತ್ತಾರೆ, ನಾನು ಉತ್ತರಿಸುತ್ತೇನೆ, ಅಪ್ಪ ಪಕ್ಕದಲ್ಲಿ ಕೂತು ಕೇಳುತ್ತಾರೆ. ಅದರಿಂದ ಯಾರಿಗೆ ಏನಾಗುತ್ತದೆ ಎಂದು ನನಗೆ ತಿಳಿಯಲಿಲ್ಲ. ಅರ್ಜಿ ತರಲು ಹೋಗಲಿಲ್ಲ.

ಅಪ್ಪ ರವಿವಾರದ ಹಾಜರಿ ಕೇಳುವುದನ್ನು ಬಿಡಲಿಲ್ಲ. ಹತ್ತಕ್ಕೆ ಅದೇ ಮೇಜಿಗೆ ಬರುತ್ತಿದ್ದರು, ಎಲ್ಲರ ಆಂಟೆನಾ, ಮೊಮ್ಮಕ್ಕಳ ಸುದ್ದಿ ಕೇಳುತ್ತಿದ್ದರು, ಕೆಲವೊಮ್ಮೆ ನಗುತ್ತಲೂ ಇದ್ದರು. ಕೊನೆಯ ಹೆಸರಿಗೆ ಉತ್ತರ ಬಂದ ಕೂಡಲೇ ಅವರ ಹೆಬ್ಬೆರಳು ವಾಲ್ಯೂಮಿನ ಗುಬಟಿನ ಮೇಲೆ ಹೋಗುತ್ತಿತ್ತು. ಮಾಸ್ತರರು ಯಾರಾದರೂ ಉಳಿದಿದ್ದೀರಾ ಎಂದು ಕೇಳುವಷ್ಟು ಹೊತ್ತು, ಕೇಳಿ ಕಾಯುವಷ್ಟು ಹೊತ್ತು, ದನಿಯನ್ನು ಪೂರ್ತಿ ಇಳಿಸಿ ಕೂತಿರುತ್ತಿದ್ದರು. ಆಮೇಲೆ ಏರಿಸಿ, ಧನ್ಯವಾದ ಹೇಳುವುದನ್ನು ಕೇಳಿ, ಸ್ಕ್ಯಾನರ್ ಆರಿಸುತ್ತಿದ್ದರು.