ರಾಯರ ಫಿಯೆಟ್ಟಿನ ಹಿಂದಿನ ಸೀಟು

ಸೂಗಪ್ಪ ಹುಟ್ಟಿದ್ದು ಗುಲಬರ್ಗಾ ಕಡೆಯ ಹಳ್ಳಿಯಲ್ಲಿ, ಬದುಕು ಸವೆಸಿದ್ದು ಹೈದರಾಬಾದಿನಲ್ಲಿ. ನೀರು ಸರಬರಾಜು ಇಲಾಖೆಯ ಎಂಜಿನಿಯರ್ ವಾಸುದೇವರಾಯರಿಗೆ ಮೂವತ್ತು ವರ್ಷ ಡ್ರೈವರಾಗಿದ್ದ. ರಾಯರು ತೀರಿಕೊಂಡ ಮೇಲೆ ಅವರ ಕಪ್ಪು ಫಿಯೆಟ್ ಕಾರಿಗೇ ಆಳಾಗಿ ಉಳಿದುಕೊಂಡ.

ಹಳೇ ಕಾರು ಕೂಡಿಡುವ ಶೋಕಿಯವರು ಅದನ್ನು ಕೇಳಿಕೊಂಡು ಬರುತ್ತಲೇ ಇದ್ದರು. ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯವನೊಬ್ಬನಂತೂ, ಆಫೀಸಿನ ಗಾಜಿನ ಪಡಸಾಲೆಯಲ್ಲಿ ಬೊಂಬೆ ಕೂರಿಸಿದ ಹಾಗೆ ಕೂರಿಸುತ್ತೇನೆ ಎಂದ. ರಾಯರ ಹೆಂಡತಿ ಮಂದಾಕಿನಿಬಾಯಿ ಅವನಿಗೆ ಚಹಾ ಕೊಟ್ಟು ಕಳಿಸಿದರು, ಕಾರು ಕೊಡಲಿಲ್ಲ. ರಾಯರು ನಶ್ಯ ಏರಿಸುತ್ತಾ ತಲೆ ಆನಿಸಿ ಕೂರುತ್ತಿದ್ದ ಹಿಂದಿನ ಸೀಟಿನಲ್ಲಿ ಅವರ ವಾಸನೆ ಇನ್ನೂ ಇತ್ತು. ಆಕೆಗೆ ಬೇಕಾಗಿದ್ದದ್ದು ಅದೊಂದೇ.

ಚಳಿ ಬಿದ್ದರೆ ಆಕೆಗೆ ಉಬ್ಬಸ. ದೀಪಾವಳಿ ಮುಗಿಸಿ ತಂಗಿಯ ಮನೆಗೆಂದು ಚೆನ್ನೈಗೆ ಹೋದರೆ ಬರುವುದು ಯುಗಾದಿಗೇ. ಅಲ್ಲಿಯವರೆಗೆ ಕಾರು ಗಚ್ಚಿಬೌಲಿಯ ಅಂಚಿನಲ್ಲಿ ರಾಯರು ಕೊಂಡಿದ್ದ ಸೈಟಿನ ತಗಡಿನ ಶೆಡ್ಡಿನಲ್ಲಿ, ಸೂಗಪ್ಪನ ಸುಪರ್ದಿಯಲ್ಲಿ.

ಅವನ ಕ್ರಮ ನೋಡಬೇಕಿತ್ತು! ಟ್ಯಾಂಕಿಗೆ ಜಂಗು-ತುಕ್ಕು ಹತ್ತದಿರಲೆಂದು ಪೆಟ್ರೋಲು ತುಂಬಿಸುವುದು, ಬ್ಯಾಟರಿಯ ವೈರು ಕಳಚುವುದು, ಚಕ್ರ ನೆಲಕ್ಕೆ ತಾಗದ ಹಾಗೆ ಮರದ ದಿಮ್ಮಿಯ ಮೇಲೆ ಏರಿಸುವುದು, ಮೇಲೆ ಹತ್ತಿಯ ಹೊದಿಕೆ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆಂದು ಕಂಡವರಿಗೆಲ್ಲ ಪಾಠ ಹೇಳುತ್ತಿದ್ದ. ಇಲಿ, ನುಸಿ ಸುಳಿಯದ ಹಾಗೆ ಎಲ್ಲರೂ ಇಡುವ ಡಾಂಬರ್ ಗುಳಿಗೆ ಮಾತ್ರ ಇಡುತ್ತಿರಲಿಲ್ಲ. ಅದರ ಘಾಟಿಗೆ ರಾಯರ ವಾಸನೆ ಎಲ್ಲಿ ಉಳಿದೀತು? ಅದೇ ಕಾರಣಕ್ಕೆ ಐದು ತಿಂಗಳು ಕಾರಿನ ಬಾಗಿಲನ್ನೂ ತೆರೆಯುತ್ತಿರಲಿಲ್ಲ. ಇಲಿಗಳ ಭಯಕ್ಕೆ ಶೆಡ್ಡಿನೊಳಗೆ ಒಂದು ಅಗುಳೂ ಬೀಳಬಾರದು. ತನ್ನ ರೊಟ್ಟಿಯನ್ನು ಹೊರಗೆ ಬಿಸಿಲಲ್ಲೇ ಕೂತು ತಿನ್ನುತ್ತಿದ್ದ.

ಒಂದು ವರ್ಷ ಶ್ರಾವಣದಲ್ಲಿ ಅವನ ಹೆಂಡತಿ ಬಂಡೆಮ್ಮ ಸತ್ತಳು. ಹೊಲ ಬಿಟ್ಟು ಬಂದರೂ ಎಳ್ಳ ಅಮಾವಾಸ್ಯೆಯ ಚರಗ ಬಿಟ್ಟವಳಲ್ಲ. ಪ್ರತಿ ವರ್ಷ ಸಜ್ಜೆ ಕಡುಬು, ಭಜ್ಜಿ ಮಾಡಿಕೊಂಡು ಬಂದು, ಶೆಡ್ಡಿನ ಹಿಂದಿನ ಬಯಲನ್ನೇ ಹೊಲವೆಂದುಕೊಂಡು ಭೂತಾಯಿಗೆ ಚೆಲ್ಲುತ್ತಿದ್ದಳು. ಸಾಯುವ ಹಿಂದಿನ ದಿನವೂ ಅದೇ ಮಾತು: “ಚರಗ ತಪ್ಪಸಬ್ಯಾಡ್ರಿ.”

ಎಳ್ಳ ಅಮಾವಾಸ್ಯೆಗೆ ಸೂಗಪ್ಪ ತಾನೇ ಕಡುಬು ಬೇಯಿಸಿದ, ಅರ್ಧ ಒಡೆದವು. ಬುಟ್ಟಿ ಹೊತ್ತುಕೊಂಡು ಹೋದರೆ ಬಯಲೆಲ್ಲಿದೆ? ಐಟಿ ಕಂಪನಿಯ ಕಟ್ಟಡಕ್ಕೆಂದು ಸುತ್ತ ಗೋಡೆ ಎದ್ದು, ಒಳಗೆ ಜೆಸಿಬಿ ನೆಲ ಅಗೆಯುತ್ತಿತ್ತು. ಗೇಟಿನವನು ತೆಲುಗಿನಲ್ಲಿ ಗದರಿಸಿ ಓಡಿಸಿದ. ಭೂಮಿತಾಯಿಗೆ ಒಂದು ತುತ್ತು ಹಾಕಲಿಕ್ಕೂ ಇವರ ಗೇಟ್‌ಪಾಸು ಬೇಕು!

ಬುಟ್ಟಿ ವಾಪಸು ಒಯ್ಯಲು ಅವನಿಗೆ ಕಾಲು ಏಳಲಿಲ್ಲ. ಶೆಡ್ಡಿನ ಬಾಗಿಲು ತೆರೆದ. “ನನ್ನ ಹೊಲ ಇದಽ ಐತಿ ನೋಡು, ಬಂಡೆಮ್ಮಾ” ಎಂದು ಕಾರಿನ ಸುತ್ತ ಚರಗ ಚೆಲ್ಲುತ್ತಾ ಬಂದ. ಅಳು ತಡೆಯಲಾಗಲಿಲ್ಲ. ಹೆಂಡತಿಯ ಹೆಸರಲ್ಲಿ ಚೆಲ್ಲಿದ್ದನ್ನು ಗುಡಿಸುವ ಮನಸ್ಸೂ ಆಗಲಿಲ್ಲ.

ಜೆಸಿಬಿಗೆ ಬಿಲ ಕಳೆದುಕೊಂಡಿದ್ದ ಹೊಲದ ಇಲಿಗಳಿಗೆ ಅಷ್ಟು ಸಾಕಾಯಿತು.

ಯುಗಾದಿಗೆ ವಾರವಿರುವಾಗ ಕಾರಿನ ಬಾಗಿಲು ತೆರೆದ. ಪೆಡಲಿನ ಸಂದಿಯಿಂದ ಒಳಹೊಕ್ಕ ಇಲಿಗಳು ಹಿಂದಿನ ಸೀಟಿನ ಬಟ್ಟೆ ಹರಿದು, ಹತ್ತಿ ಕಿತ್ತು, ಅದರಲ್ಲೇ ಮರಿ ಹಾಕಿದ್ದವು. ಮೂಗಿಗೆ ಹೊಡೆದದ್ದು ಇಲಿಯ ಉಚ್ಚೆಯ ನಾತ. ಜೀವವಿಲ್ಲದ ಕಾರನ್ನು ಮಗುವಿನ ಹಾಗೆ ಕಾದವನು ತನ್ನ ಕೈಯಾರೆ ರಾಯರನ್ನು ಎರಡನೇ ಸಲ ಕಳೆದುಕೊಂಡಿದ್ದ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ಹುಚ್ಚುತನ. ಸನತ್‌ನಗರದ ಸೀಟು ಹೊಲಿಯುವವನ ಹತ್ತಿರ ಅದೇ ಬಣ್ಣದ ಬಟ್ಟೆ ಹಾಕಿಸಿದ. ರಾಯರು ಏರಿಸುತ್ತಿದ್ದ ನಶ್ಯವನ್ನೇ ಹುಡುಕಿ ತಂದು, ಮೂರು ದಿನ ಸೀನುತ್ತಾ ಸೀಟಿಗೆಲ್ಲ ತಿಕ್ಕಿದ.

ಯುಗಾದಿಯ ದಿನ ಮಂದಾಕಿನಿಬಾಯಿ ಹಸಿರು ಇಳಕಲ್ ಸೀರೆ ಉಟ್ಟು ಬಂದು ಕೂತರು. ಕಾರು ಒಂದೇ ಏಟಿಗೆ ಶುರುವಾಯಿತು. ಹುಸೇನ್ ಸಾಗರದ ದಂಡೆಗೆ ಬರುವವರೆಗೂ ಸೂಗಪ್ಪನ ಕಣ್ಣು ಕನ್ನಡಿಯ ಮೇಲೇ. ಆಕೆ ಸೀಟಿಗೆ ಕೆನ್ನೆ ಆನಿಸಿ ಕಣ್ಣು ಮುಚ್ಚಿದ್ದರು. ಎಷ್ಟೋ ಹೊತ್ತಾದ ಮೇಲೆ ಕಣ್ಣು ತೆರೆದರು.

“ಇದು ಅಂಗಡಿ ವಾಸನಿ, ಸೂಗಪ್ಪ.”

ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿ, ಬಂಡೆಮ್ಮನ ಮಾತಿನಿಂದ ಇಲಿಮರಿಗಳ ತನಕ ಎಲ್ಲವನ್ನೂ ಹೇಳಿದ. “ತಪ್ಪಾತ್ರಿ ಅವ್ವಾರ, ಭಾಳ ದೊಡ್ಡ ತಪ್ಪಾತು.”

ಆಕೆ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. “ಅಕಿಗೆ ಚರಗ ಮುಟ್ಟಿತಲ್ಲ, ಬಿಡು. ಮನಿಗೆ ನಡಿ” ಎಂದರು.

ಮನೆ ಮುಂದೆ ಇಳಿದು, ಬಾಗಿಲನ್ನು ತಾವೇ ಮೆಲ್ಲಗೆ ಮುಚ್ಚಿದರು. ಎರಡು ಹೆಜ್ಜೆ ಹೋದವರು ತಿರುಗಿ ನಿಂತರು.

“ಸೂಗಪ್ಪ, ಮುಂದಿನ ಥಂಡಿಗೆ ಡಾಂಬರ್ ಗುಳಿಗಿ ಇಟ್ಟುಬಿಡು.”