ಬಲ್ಬಿಗೆ ಮುಗಿದ ಕೈ

ಸೆಲ್ಲು, ವೈರು, ಟಾರ್ಚಿನ ಬಲ್ಬುಗಳ ಪೆಟ್ಟಿಗೆ ಹೊತ್ತು ದಿನಕ್ಕೊಂದು ಶಾಲೆಗೆ ಹೋಗಿ, ಮಕ್ಕಳ ಕೈಯಲ್ಲೇ ಸರ್ಕ್ಯೂಟ್ ಮಾಡಿಸುವುದು ನನ್ನ ಕೆಲಸ. ಒಂದು ಶಾಲೆಗೆ ಒಂದೇ ದಿನ. ಹಾಗಾಗಿ ಯಾವ ಮಗುವಿನ ಹೆಸರೂ ನನಗೆ ನೆನಪಿರುವುದಿಲ್ಲ, ಅವರಿಗೆ ನನ್ನದೂ.

ತಾಳಗುಂದದ ಹತ್ತಿರದ ಒಂದು ಶಾಲೆಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ರಟ್ಟಿಗೆ ಎರಡು ಗುಂಡುಸೂಜಿ ಚುಚ್ಚಿ, ನಡುವೆ ಜೆಮ್ ಕ್ಲಿಪ್ ಇಟ್ಟು ಸ್ವಿಚ್ ಮಾಡಿಕೊಂಡಳು. ಬಲ್ಬು ಹತ್ತಿದ್ದೇ ತಡ, ಎರಡೂ ಕೈ ಮುಗಿದು ಕಣ್ಣಿಗೊತ್ತಿಕೊಂಡಳು. ಅವಳನ್ನು ನೋಡಿ ಇಡೀ ಕ್ಲಾಸೇ ಕೈ ಮುಗಿಯಿತು.

"ಇದು ಎರಡು ಸೆಲ್ಲಿನ ಬಲ್ಬು ಕಣಮ್ಮ, ಇದಕ್ಕೆಲ್ಲ ಯಾಕೆ ಕೈ ಮುಗೀತೀಯ?" ಅಂದೆ.

"ಸಂಜೆ ಮನೇಲಿ ಲೈಟ್ ಹಾಕಿದ ಕೂಡ್ಲೆ ಮುಗೀತೀವಲ್ಲ ಸಾರ್. ನಿಮ್ಮನೇಲಿ ಮುಗಿಯಲ್ವಾ?"

"ನಮ್ಮನೇಲಿ ನಾನೊಬ್ಬನೇ ಇರೋದು."

ಅವಳು ಸ್ವಲ್ಪ ಯೋಚಿಸಿ, "ಒಬ್ರೇ ಇದ್ರೆ ಕೈ ಇರಲ್ವಾ ಸಾರ್?" ಅಂದಳು.

ತಮಾಷೆಗೆ ಕೇಳಿದ್ದಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ನಾನು ಬಗ್ಗಿ ವೈರು ಸುತ್ತತೊಡಗಿದೆ.

ಸಂಜೆ ಶಿರಾಳಕೊಪ್ಪದ ಬಾಡಿಗೆ ರೂಮಿಗೆ ಬಂದು, ಚಪ್ಪಲಿ ಬಿಟ್ಟು, ಸ್ವಿಚ್ ಒತ್ತಿದೆ. ಯಾರೂ ಇಲ್ಲವೆಂದು ಗೊತ್ತಿದ್ದರೂ ಒಮ್ಮೆ ಬಾಗಿಲ ಕಡೆ ನೋಡಿ ಕೈ ಜೋಡಿಸಿದೆ. ನನ್ನ ರೂಮಿನ ಟ್ಯೂಬ್‌ಲೈಟ್ ಒಂದೇ ಸಲಕ್ಕೆ ಹತ್ತುವುದಿಲ್ಲ, ಮಿಣುಕಿ ಮಿಣುಕಿ ಪೂರ್ತಿ ಹತ್ತುವಷ್ಟರಲ್ಲಿ ಒಂದು ನಿಮಿಷವಾಗುತ್ತದೆ. ಅಷ್ಟು ಹೊತ್ತೂ ಹಾಗೇ ನಿಂತಿದ್ದೆ.

ಊರಿಗೆಲ್ಲ ಕರೆಂಟಿನ ಪಾಠ ಹೇಳುವವನು ಟ್ಯೂಬನ್ನು ಹೀಗೆ ಮಿಣುಕಿಸುವ ಆ ಹಳೇ ಸ್ಟಾರ್ಟರನ್ನು ಎಂದೋ ಬದಲಾಯಿಸಬೇಕಿತ್ತು. ಹೊಸದು ತಂದು ಕಿಟಕಿಯಲ್ಲೇ ಇಟ್ಟಿದ್ದೇನೆ. ಇನ್ನಷ್ಟು ದಿನ ಅಲ್ಲೇ ಇರಲಿ.