ಹೊತ್ತು ನೋಡಿ ಬರುವ ದೋಷಕ್ಕೆ ಕಾದು ಕೂರುವ ಮಿಸ್ತ್ರಿ

ಎಳ್ಳು ಅಮಾವಾಸ್ಯೆ ಕಳೆದು ನಾಲ್ಕನೆಯ ದಿನ. ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಮಸೂತಿ ಎಂಬ ಊರಿನ ಹೊರಗಿನ ಕಾಯಿಪಲ್ಲೆ ತೋಟದಲ್ಲಿ ಬದನೆಯ ಎಲೆಗಳೆಲ್ಲ ಇಬ್ಬನಿಯಿಂದ ಒದ್ದೆಯಾಗಿವೆ. ಮೆಂತ್ಯ, ಕೊತ್ತಂಬರಿ, ಹಸಿಮೆಣಸಿನಕಾಯಿ ಹೇರಿಕೊಂಡ ಬಿಳಿಯ ಪಿಕಪ್ ವಿಜಾಪುರದ ಮಾರುಕಟ್ಟೆಗೆ ಹೊರಟು ನಿಂತಿದೆ. ಅದರ ಮುಂದೆ, ಮಗುಚಿಟ್ಟ ಟೊಮೆಟೊ ಕ್ರೇಟಿನ ಮೇಲೆ, ಚಾದರ ಹೊದ್ದ ಅಬ್ದುಲರಜಾಕ ಕುಳಿತಿದ್ದಾರೆ. ಬದುವಿನ ಮೇಲೆ ನಮಾಜು ಮುಗಿಸಿ ಈಗಷ್ಟೇ ಬಂದವರು ಅವರು. ಪಾನಾ, ಪಕ್ಕಡ ಮುಂತಾದ ಹತಾರಗಳ ಚೀಲ ಪಕ್ಕದಲ್ಲಿದ್ದರೂ ಅದರ ಬಾಯಿ ಬಿಚ್ಚಿಲ್ಲ.

"ಯಾರೂ ಚಾವಿ ಮುಟ್ಟಬ್ಯಾಡ್ರಿ," ಎನ್ನುತ್ತಾರೆ. "ರಾತ್ರಿ ಹ್ಯಾಂಗ ಮಲಗೇತೋ ಹಂಗಽ ಇರಲಿ. ತ್ವಾಟದ ಸಾವಕಾರ್ರು ಬರಲಿ."

ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಹಿಂದೆ ಹೆಸರಿನ ಫಲಕವೂ ಇಲ್ಲದ ಒಂದು ತಗಡಿನ ಶೆಡ್ಡು ಐವತ್ನಾಲ್ಕರ ಈ ಮಿಸ್ತ್ರಿಯ ಅಂಗಡಿ. ಮುದ್ದೇಬಿಹಾಳ, ಸಿಂದಗಿ, ಇಂಡಿಯವರೆಗಿನ ಚಾಲಕರು ಆ ಶೆಡ್ಡನ್ನು ಬಲ್ಲರು. ಹೊಸ ಡೀಸೆಲ್ ಪಿಕಪ್ಪುಗಳನ್ನು ಕಾಡುವ ಒಂದು ವಿಚಿತ್ರ ವ್ಯಾಧಿಯುಂಟು: ಒಂದು ದಿನ ಚಾವಿ ತಿರುವಿದೊಡನೆ ಎಂಜಿನ್ ಏಳುತ್ತದೆ, ಮರುದಿನ ಏಳುವುದಿಲ್ಲ. ತಜ್ಞರಿಗೆ ತೋರಿಸಲು ಒಯ್ದರೆ ಏನೂ ಆಗಿಲ್ಲವೆಂಬಂತೆ ಗುಡುಗುತ್ತದೆ. ಹೀಗೆ ಬಂದು ಹೋಗುವ ದೋಷವನ್ನು ಹಿಡಿಯುವುದೇ ಅಬ್ದುಲರಜಾಕರ ಕಸುಬು.

"ಗಾಡಿ ನನ್ನ ಹತ್ರ ಬರೂದರಾಗ ಬ್ಯಾನಿ ಹೋಗಿಬಿಟ್ಟಿರತೈತ್ರಿ. ಅದಕ್ಕ ಬ್ಯಾನಿ ಇದ್ದಲ್ಲಿಗಿ, ಅದು ಬರೂ ಹೊತ್ತಿಗಿ, ನಾನಽ ಹೋಗತೇನಿ," ಎಂಬುದು ಅವರ ವಿವರಣೆ. ಅದಕ್ಕಾಗಿಯೇ ನಾಲ್ಕಕ್ಕೆ ಏಳುತ್ತಾರೆ. ಹಳೆಯ ಮೊಪೆಡ್ಡಿನ ಮೇಲೆ ದಿನಕ್ಕೆ ನಲವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದಂತೆ ಸುತ್ತುತ್ತಾರೆ. ಶೆಡ್ಡಿನ ಬಾಗಿಲು ತೆರೆಯುವುದು ಹತ್ತಕ್ಕೆ. ಅಷ್ಟರಲ್ಲಿ ಎರಡು ಊರು ಮುಗಿದಿರುತ್ತವೆ. ಹೋದ ವರ್ಷ ಇಂಥ ಅರವತ್ಮೂರು ದೋಷಗಳನ್ನು ಅವರು ಶಾಲೆಯ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಇಪ್ಪತ್ತಾರು ಅರ್ಥಿಂಗ್ ವೈರಿನವು, ಹದಿನೇಳು ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದವು, ಒಂಬತ್ತು ರಿಲೇ ಕೆಟ್ಟವು. ಉಳಿದ ಹನ್ನೊಂದು? "ಅವು ಅಲ್ಲಾನಿಗಽ ಗೊತ್ತ್ರಿ," ಎಂದು ನಗುತ್ತಾರೆ.

ಈ ವಿದ್ಯೆ ಸುಲಭವಾಗಿ ಕೈಹತ್ತಿದ್ದಲ್ಲ. ಹಳೆಯ ಎಂಜಿನ್ನುಗಳ ಕಾಲದಲ್ಲಿ ಫ್ಯಾನಿಗೆ ಸಿಕ್ಕಿ ಎಡಗೈಯ ತೋರುಬೆರಳಿನ ತುದಿ ಹೋಯಿತು. ಇಸವಿ ಎರಡು ಸಾವಿರದ ಸುಮಾರಿಗೆ ತಂತಿಗಳ ಜಾಲವನ್ನೇ ಹೊತ್ತ ಹೊಸ ವಾಹನಗಳು ಬಂದಾಗ ಅಂಗಡಿಯನ್ನೇ ಮುಚ್ಚಲು ಹೊರಟಿದ್ದರು. ತಂತಿಗಳ ನಕ್ಷೆಯೆಲ್ಲ ಇಂಗ್ಲಿಷಿನಲ್ಲಿ. ಇವರು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಆಗ ಕೈಹಿಡಿದು ನಿಲ್ಲಿಸಿದವರು ಮೆಟ್ರಿಕ್ ಓದಿದ ಮಡದಿ ಸಾಬೀರಾ. "ಅಕ್ಷರ ನಾ ಓದತೇನಿ, ವೈರ ನೀವು ಹುಡಕ್ರಿ. ಇಬ್ಬರೂ ಕೂಡಿ ಒಬ್ಬ ಇಂಜಿನಿಯರ್ ಆಗೂಣು," ಎಂದರಂತೆ. ಶುಕ್ರವಾರದ ಮಧ್ಯಾಹ್ನಗಳಲ್ಲಿ ಅಡುಗೆಮನೆಯ ಹೊಸ್ತಿಲೇ ಪಾಠಶಾಲೆಯಾಯಿತು.

ಈ ಮುಂಜಾವು ಅವರನ್ನು ಮಸೂತಿಗೆ ಕರೆತಂದವನು ಪಿಕಪ್ಪಿನ ಚಾಲಕ ಸಂಗಣ್ಣ. ಮೊನ್ನೆ ಶೆಡ್ಡಿಗೆ ಬಂದ ಅವನು ದುರಸ್ತಿಯ ಮಾತನ್ನೇ ಎತ್ತಲಿಲ್ಲ. "ಕಾಕಾ, ಗಾಡಿ ರಿಪೇರಿ ಆಗದಿದ್ರೂ ನಡೀತೈತಿ. ಅದು ಸುರು ಆಗೂದಿಲ್ಲ ಅನ್ನೂದನ್ನ ಒಬ್ಬರು ಕಣ್ಣಿಲೆ ನೋಡ್ರಿ, ಅಷ್ಟಽ ಸಾಕು," ಎಂದ. ತೋಟದ ಒಡೆಯ ಶ್ರೀಶೈಲಪ್ಪನವರು ಅವನ ಮಾತು ನಂಬುವುದನ್ನು ಬಿಟ್ಟಿದ್ದರು. ಶ್ರೀಶೈಲಪ್ಪನವರು ಶಿವಪೂಜೆಗೆ ಕುಳಿತರೆ ಬಿಸಿಲೇರುವವರೆಗೆ ಏಳುವವರಲ್ಲ. ಪೂಜೆ ಮುಗಿಸಿ, ಒಂಬತ್ತಕ್ಕೆ ತೋಟಕ್ಕೆ ಬಂದು ತಾವೇ ಚಾವಿ ತಿರುವಿದರೆ ಎಂಜಿನ್ ಮೊದಲ ಸಲಕ್ಕೇ ಏಳುತ್ತಿತ್ತು. ಹೀಗೆ ಆದದ್ದು ಒಂದಲ್ಲ, ಐದು ಸಲ. ದೊಡ್ಡ ಸರ್ವಿಸ್ ಸೆಂಟರಿನವರು ಎರಡು ದಿನ ಇಟ್ಟುಕೊಂಡು 'ದೋಷವಿಲ್ಲ' ಎಂದು ಬರೆದುಕೊಟ್ಟಿದ್ದರು. "ಥಂಡಿಗೆ ಮಲಗಿಬಿಡತಿ, ಆಮ್ಯಾಲ ಗಾಡಿ ಮ್ಯಾಲ ಹಾಕತಿ," ಎಂದು ಕಾಯಿಪಲ್ಲೆ ಹೇರುವ ಹೆಣ್ಣುಮಕ್ಕಳ ಎದುರಿಗೇ ಒಡೆಯರು ಅಂದುಬಿಟ್ಟಿದ್ದರು. ಬರುವ ಸೋಮವಾರದಿಂದ ಬೇರೆ ಚಾಲಕ ಬರುವವನಿದ್ದ. ನಾಲ್ಕು ವರ್ಷ ಒಂದು ದಿನವೂ ತಪ್ಪದೆ ದುಡಿದವನಿಗೆ ಕೆಲಸ ಹೋಗುವುದಕ್ಕಿಂತ ಸುಳ್ಳನೆಂಬ ಹೆಸರು ಉಳಿಯುವುದು ಕಷ್ಟವಾಗಿತ್ತು.

ಅರಿವಿನ ದಾರಿಗಳನ್ನು ಹೇಳುವಾಗ ಶಾಸ್ತ್ರ ಬಲ್ಲವರು ಕಣ್ಣಿಗೆ ಕಂಡದ್ದರ ಜೊತೆಗೆ ನಂಬಿಗಸ್ತನ ಮಾತನ್ನೂ ಪ್ರಮಾಣವೆಂದು ಎಣಿಸಿದರು. ಎರಡನೆಯದು ಬಿದ್ದುಹೋದ ಕಡೆ ಮೊದಲನೆಯದನ್ನು ಒದಗಿಸಿಕೊಡುವುದು ಅಬ್ದುಲರಜಾಕರ ರೀತಿ. ಅವರು ಒಡೆಯರ ಮನೆಗೇ ಹೋಗಿ ಕೇಳಿಕೊಂಡದ್ದು ಒಂದೇ: "ಒಂದ ದಿನ ಪೂಜಾ ಮುಂಚೆ ಮುಗಿಸಿ ಬರ್ರಿ ಸಾವಕಾರ್ರ. ನಾನೂ ನಮಾಜ ಮುಗಿಸಿ ಅಲ್ಲೇ ಬರ್ತೇನಿ."

ಒಡೆಯರು ಮಾತು ಉಳಿಸಿಕೊಂಡಿದ್ದಾರೆ. ಆರಕ್ಕೆ ಸರಿಯಾಗಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ, ಮಡದಿ ಚನ್ನವ್ವನವರೊಡನೆ ತೋಟಕ್ಕೆ ಬರುತ್ತಾರೆ. ಚನ್ನವ್ವನವರ ಕೈಯಲ್ಲಿ ಚಹಾದ ಕಿಟ್ಲಿ.

ಸಂಗಣ್ಣ ಚಾವಿ ತಿರುವುತ್ತಾನೆ. ಟಕ್ ಎಂಬ ಸದ್ದು, ಅಷ್ಟೇ.

"ಇಳಿ ನೀ," ಎಂದು ಶ್ರೀಶೈಲಪ್ಪನವರು ತಾವೇ ಹತ್ತಿ ಕೂರುತ್ತಾರೆ. ಟಕ್. ಮತ್ತೊಮ್ಮೆ, ಟಕ್. ಹೆಣ್ಣುಮಕ್ಕಳು ಕೈಯ ಕೆಲಸ ನಿಲ್ಲಿಸಿ ನೋಡುತ್ತಿದ್ದಾರೆ. ಒಡೆಯರ ಕೈ ಚಾವಿಯ ಮೇಲೆಯೇ ಉಳಿಯುತ್ತದೆ.

"ಸಂಗ್ಯಾ ಸುಳ್ಳ ಹೇಳಾಂವಲ್ಲ ಅಂತ ಒಂದ ತಿಂಗಳಾತು ಹೇಳಾಕತ್ತೇನಿ," ಎನ್ನುತ್ತಾರೆ ಚನ್ನವ್ವ. "ನಿಮಗ ನನ್ನ ಮಾತಿಗಿಂತ ಈ ಟಕ್ ಅನ್ನೂದು ಛಲೋ ಕೇಳಸ್ತೈತಿ."

ಈಗ ಮಿಸ್ತ್ರಿಯ ಚೀಲ ತೆರೆಯುತ್ತದೆ. ದಪ್ಪ ತಂತಿಯೊಂದರ ಒಂದು ತುದಿಯನ್ನು ಬ್ಯಾಟರಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಕಚ್ಚಿಸಿ, "ಈಗ ತಿರಿವ್ರಿ," ಎನ್ನುತ್ತಾರೆ. ಎಂಜಿನ್ ಒಂದೇ ಉಸಿರಿಗೆ ಎದ್ದುಬಿಡುತ್ತದೆ. ಅದನ್ನು ಆರಿಸಿ, ಅರ್ಥಿಂಗ್ ವೈರಿನ ಬೋಲ್ಟು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸುತ್ತಾರೆ. ಬಿಳಿ-ಹಸಿರು ಕಿಲುಬು, ನಡುವೆ ಕುಂಕುಮದ ಕೆಂಪು.

ಕೆಲಸದ ಕಠಿಣ ಭಾಗ ಇನ್ನು ಮುಂದಿದೆ. ಅಬ್ದುಲರಜಾಕರು ದನಿ ತಗ್ಗಿಸುತ್ತಾರೆ. "ಸಾವಕಾರ್ರ, ಅಮಾಸಿ ಪೂಜಾ ಗಾಡಿಗಿ ಯಾರ ಮಾಡತಾರ್ರಿ?"

"ನಾನಽ. ಬಾನೆಟ್ ತಗದು, ಎಂಜಿನ್ನಿಗೆ ಕುಂಕುಮ ಹಚ್ಚಿ, ಕಾಯಿ ಒಡದು ನೀರ ಬಿಡತೇನಿ. ಯಾಕ?"

"ಪೂಜಾ ಬಿಡಬ್ಯಾಡ್ರಿ. ಕಾಯಿನೀರ ಬೀಳೂ ಜಾಗಾ ಅಷ್ಟ ಬದಲ ಮಾಡ್ರಿ. ಕರೆಂಟು ಬ್ಯಾಟರಿಗಿ ತಿರಗಿ ಹೋಗೂ ದಾರಿ ಇದಽ ಒಂದ ಬೋಲ್ಟು. ನೀರ ಬಿದ್ದು ಕಿಲಬ ಕಟ್ಟೇತಿ. ನಸುಕಿನ್ಯಾಗ ಎಂಜಿನ್ ಥಂಡಿ, ಅದಕ್ಕ ಕರೆಂಟು ಜಾಸ್ತಿ ಬೇಕು. ಇಬ್ಬನಿಗೆ ಕಿಲಬ ಹಸಿ, ದಾರಿ ಬಂದ್. ಬಿಸಲಿಗಿ ಎರಡೂ ಸುಧಾರಸ್ತಾವ. ಅದಕ್ಕ ನೀವ ಬಂದಾಗ ಸುರು ಆಗತಿತ್ತು. ಹಳೇ ಗಾಡಿಗೋಳು ಇದನ್ನೆಲ್ಲಾ ತಡಕೋತಿದ್ದೂ. ಇವು ಭಾಳ ನಾಜೂಕ."

ತಪ್ಪು ಒಡೆಯರದೆಂದು ಅವರು ಎಲ್ಲಿಯೂ ಅನ್ನಲಿಲ್ಲ. ನಿಜವನ್ನು ಮುಚ್ಚಿಡಲೂ ಇಲ್ಲ. ಆದರೆ ಸಂಗಣ್ಣನಿಗೆ ತಡೆಯಲಾಗುವುದಿಲ್ಲ: "ಅಂದ್ರ ಸಾವಕಾರ್ರ, ಮಲಗಿದಾಂವ ನಾ ಅಲ್ಲರಿ, ಗಾಡಿ ಮಲಗಿಸಿದ್ದು ನಿಮ್ಮ ಕಾಯಿ!" ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿ ನಗುತ್ತಾರೆ.

ಶ್ರೀಶೈಲಪ್ಪನವರು ಕೆಳಗಿಳಿಯುತ್ತಾರೆ. ಅಂದು ಬೈದಿದ್ದ ಜಾಗದಲ್ಲಿಯೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: "ಸಂಗಣ್ಣ, ನೀ ಖರೆ ಹೇಳಿದ್ದಿ. ನಾ ಕೇಳಲಿಲ್ಲ. ತಪ್ಪ ನಂದು. ಸೋಮವಾರ ಯಾರೂ ಬರಾಂಗಿಲ್ಲ, ನೀನಽ ಹೊಡಿ." ಬಳಿಕ ಮಿಸ್ತ್ರಿಯತ್ತ ತಿರುಗಿ ಕೈಮುಗಿಯುತ್ತಾರೆ. "ಗಾಡಿ ಹಾಳಾಗಿದ್ರ ಮತ್ತೊಂದ ತರತಿದ್ದೆ ರಜಾಕಸಾಬ. ಇಂಥಾ ಮನಿಶಾನ್ನ ಎಲ್ಲಿಂದ ತರತಿದ್ದೆ?"

ಬೋಲ್ಟು ಉಜ್ಜಿ, ಗ್ರೀಸು ಹಚ್ಚಿ ಬಿಗಿಗೊಳಿಸುವುದು ಹತ್ತು ನಿಮಿಷದ ಕೆಲಸ. ಪಿಕಪ್ ಹೊರಟು ಹೋಗುತ್ತದೆ. ಚಹಾ ಕುಡಿಯುತ್ತ ಶ್ರೀಶೈಲಪ್ಪನವರು ಮಿಸ್ತ್ರಿಗೆ ಒಂದು ಪ್ರಶ್ನೆ ಹಾಕುತ್ತಾರೆ. "ಒಂದ ವ್ಯಾಳೆ ಸಂಗಣ್ಣ ಖರೇನಽ ಸುಳ್ಳ ಹೇಳಿದ್ರ ಏನ ಮಾಡತಿದ್ದಿ?"

"ಯಾವುದರ ಒಂದ ನಟ್ ಬಿಗಿ ಮಾಡಿ, ಈಗ ಸರಿ ಆತು ಅಂತಿದ್ದೆ."

"ಹಂಗಾರ ಇವತ್ತ?"

"ಇವತ್ತ ಚಾವಿ ತಿರಿವಿದಾವ್ರು ನೀವಽ ಅಲ್ಲೇನ್ರಿ!"

ಎಲ್ಲರೂ ನಗುತ್ತಾರೆ. ನಗು ನಿಂತ ಮೇಲೆ ಅಬ್ದುಲರಜಾಕರು ಕಪ್ಪು ಕೆಳಗಿಟ್ಟು ತಮ್ಮದೇ ಒಂದು ಹಳೆಯ ಕತೆ ಹೇಳುತ್ತಾರೆ. ಇಪ್ಪತ್ತೆರಡರ ಹರೆಯದಲ್ಲಿ ಸೋಲಾಪುರದಲ್ಲಿ ಲಾರಿ ಹೊಡೆಯುತ್ತಿದ್ದಾಗ ಒಂದು ಮುಂಜಾನೆ ಅವರು ಮಲಗಿಬಿಟ್ಟಿದ್ದರು. ಲಾರಿ ಸುರುವಾಗಲಿಲ್ಲವೆಂದು ಮಾಲೀಕನಿಗೆ ಸುಳ್ಳು ಹೇಳಿದರು. ಪರೀಕ್ಷಿಸಲು ಬಂದ ಅಲ್ಲಿಯ ಹಿರಿಯ ಮಿಸ್ತ್ರಿ ಜಾಹಿದ ಉಸ್ತಾದರು ಅರ್ಧ ದಿನ ಹುಡುಕಿ, ತರುಣನ ಮುಖವನ್ನೊಮ್ಮೆ ನೋಡಿ, ಒಂದು ನಟ್ಟು ತಿರುವಿ, 'ಇದು ಸಡ್ಲ ಆಗಿತ್ತು' ಎಂದು ಮಾಲೀಕನಿಗೆ ಹೇಳಿ ಹೋದರು. ಮರುದಿನವೇ ಅಬ್ದುಲರಜಾಕರು ಲಾರಿ ಹೊಡೆಯುವುದನ್ನು ಬಿಟ್ಟು ಆ ಉಸ್ತಾದರ ಬಳಿ ಕೆಲಸ ಕಲಿಯಲು ನಿಂತರು.

"ಅವರು ಕಲಿಸಿದ್ದರಾಗ ಅರ್ಧಾ ಮರತೇನ್ರಿ," ಎನ್ನುತ್ತಾರೆ ಅಬ್ದುಲರಜಾಕ, ಚಾದರ ಮಡಚಿ ಚೀಲಕ್ಕೆ ಸೇರಿಸುತ್ತ. "ಒಂದ ನೆನಪೈತಿ. ಗಾಡಿ ಸುರು ಆಗವಲ್ದು ಅಂತ ಯಾರರ ಬಂದು ಹೇಳಿದ್ರ, ಮದಲ 'ಹೌದಪಾ' ಅಂತೇನಿ. ನೋಡೂದು ಆಮ್ಯಾಲ."